ರಿಜಿಸ್ಟರ್ ಬಿಟ್‌ಗಳಿಗೆ ಸ್ಟ್ರಕ್ಟ್ ಬಿಟ್‌ಫೀಲ್ಡ್ ಬಳಸಬಹುದಾ, ಮಾಸ್ಕೇ ಬೇಕಾ?

ಪ್ರಶ್ನೆ
ಟೈಮರ್ ಒಂದಕ್ಕೆ ಸಿ ಭಾಷೆಯಲ್ಲಿ ಡ್ರೈವರ್ ಬರೆಯುತ್ತಿದ್ದೇನೆ. ಅದನ್ನು ನಿಯಂತ್ರಿಸುವ ಹಾರ್ಡ್‌ವೇರ್ ಜಾಗ, ಅಂದರೆ ಕಂಟ್ರೋಲ್ ರಿಜಿಸ್ಟರ್, 32 ಬಿಟ್‌ನದು. 0ನೇ ಬಿಟ್ ಎನೇಬಲ್, 4ರಿಂದ 7 ಪ್ರಿಸ್ಕೇಲರ್ (ಕ್ಲಾಕ್ ಅನ್ನು ಎಷ್ಟರಿಂದ ಭಾಗಿಸಬೇಕು ಅನ್ನುವುದು), 31ನೇದು ಇಂಟರಪ್ಟ್ ಫ್ಲ್ಯಾಗ್. ಪ್ರತಿ ಫೀಲ್ಡ್‌ಗೂ ಒಂದು ಶಿಫ್ಟ್ (ಎಷ್ಟನೇ ಬಿಟ್‌ನಿಂದ ಶುರು), ಒಂದು ಮಾಸ್ಕ್ (ಯಾವ ಬಿಟ್‌ಗಳು ಅಂತ ತೋರಿಸುವ ಸಂಖ್ಯೆ) ಅಂತ ಡಿಫೈನ್ ಮಾಡುತ್ತಾ ಹೋದೆ, ಒಂದು ಕಡೆ ಶಿಫ್ಟ್ 4ರ ಬದಲು 5 ಅಂತ ಬರೆದು ಅರ್ಧ ದಿನ ಹೋಯಿತು. ಈಗ ಬಿಟ್‌ಫೀಲ್ಡ್ (ಇಷ್ಟೇ ಬಿಟ್ ಅಂತ ಅಳತೆ ಕೊಟ್ಟ ಫೀಲ್ಡ್) ಇರುವ ಸ್ಟ್ರಕ್ಟ್‌ಗೆ ವೊಲಟೈಲ್ ಪಾಯಿಂಟರ್ (ಪ್ರತಿ ಸಲ ನಿಜಕ್ಕೂ ಓದಿ ಬರೆಯಬೇಕು ಅಂತ ಕಂಪೈಲರ್‌ಗೆ ಹೇಳುವಂಥದ್ದು) ಇಟ್ಟಿದ್ದೇನೆ. ಓದಲು ಚೆಂದ ಇದೆ, ಆದರೆ ಆಗೊಮ್ಮೆ ಈಗೊಮ್ಮೆ ಇಂಟರಪ್ಟ್ ತಪ್ಪಿಹೋಗುತ್ತಿದೆ. ಇದಕ್ಕೂ ಸ್ಟ್ರಕ್ಟ್‌ಗೂ ಸಂಬಂಧ ಇದೆಯಾ?

ಉತ್ತರ 1
ಇರಬಹುದು. ಮೊದಲು ಮ್ಯಾನುವಲ್ ನೋಡಿ, 31ನೇ ಬಿಟ್ 1 ಬರೆದರೆ ಕ್ಲಿಯರ್ ಆಗುವ ಜಾತಿಯದ್ದಾ? ನೀವು ಎನೇಬಲ್ ಫೀಲ್ಡ್‌ಗೆ ಮಾತ್ರ 1 ಹಾಕಿದ್ದೇನೆ ಅಂದುಕೊಂಡಿರುತ್ತೀರಿ, ಆದರೆ ಕಂಪೈಲರ್ ಇಡೀ 32 ಬಿಟ್ ರಿಜಿಸ್ಟರ್ ಅನ್ನು ಓದಿ, ಆ ಒಂದು ಬಿಟ್ ಬದಲಿಸಿ, ಎಲ್ಲವನ್ನೂ ವಾಪಸ್ ಬರೆಯುತ್ತದೆ. ಆ ಹೊತ್ತಿಗೆ ಫ್ಲ್ಯಾಗ್ 1 ಇದ್ದರೆ ಆ 1 ಕೂಡ ವಾಪಸ್ ಹೋಗಿ ಫ್ಲ್ಯಾಗ್ ಅಳಿಸಿಹೋಗುತ್ತದೆ. ಮಾಸ್ಕ್ ಬಳಸಿದರೂ ಈ ಅಪಾಯ ತಪ್ಪುವುದಿಲ್ಲ, ಆದರೆ ಓದುವುದು ಬರೆಯುವುದು ಎರಡೂ ಕಣ್ಣಿಗೆ ಕಾಣುತ್ತವೆ, ಬರೆಯುವ ಮುಂಚೆ ಆ ಬಿಟ್ ಅನ್ನು 0 ಮಾಡಬಹುದು. ಮೂರು ಫೀಲ್ಡ್ ಬದಲಿಸಬೇಕಿದ್ದರೂ ಒಂದೇ ಸಲ ಬರೆದರೆ ಸಾಕು.

ಇನ್ನೊಂದು ವಿಷಯ, ಬಿಟ್‌ಫೀಲ್ಡ್ ಕೆಳಗಿನ ಬಿಟ್‌ನಿಂದ ಶುರುವಾಗಬೇಕಾ ಮೇಲಿನಿಂದಲಾ ಅಂತ ಸಿ ಸ್ಟ್ಯಾಂಡರ್ಡ್ ಹೇಳುವುದಿಲ್ಲ, ಅದನ್ನು ಕಂಪೈಲರ್‌ಗೇ ಬಿಟ್ಟಿದೆ.

ಉತ್ತರ 2
ಶಿಫ್ಟ್ ಡಿಫೈನ್ ಮಾಡುವುದೇ ಬೇಡ. ಮಾಸ್ಕ್ ಒಂದಿದ್ದರೆ ಶಿಫ್ಟ್ ಅದರಲ್ಲೇ ಇದೆ, ಅತಿ ಕೆಳಗಿನ 1 ಎಲ್ಲಿದೆಯೋ ಅದೇ. ಲಿನಕ್ಸ್ ಕರ್ನಲ್‌ನಲ್ಲಿ ಹೀಗೇ ಮಾಡುತ್ತಾರೆ: ಜೆನ್‌ಮಾಸ್ಕ್ ಅನ್ನುವ ಮ್ಯಾಕ್ರೋಗೆ 7, 4 ಕೊಟ್ಟರೆ ಹೆಕ್ಸ್‌ನಲ್ಲಿ ಎಫ್‌0 ಬರುತ್ತದೆ, ಫೀಲ್ಡ್ ಪ್ರೆಪ್ ಅನ್ನುವ ಮ್ಯಾಕ್ರೋ ಬೆಲೆಯನ್ನು ಆ ಜಾಗಕ್ಕೆ ಸರಿಸುತ್ತದೆ, ಫೀಲ್ಡ್ ಗೆಟ್ ಹೊರಗೆ ತೆಗೆಯುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು, 4 ಬಿಟ್‌ನ ಪ್ರಿಸ್ಕೇಲರ್‌ಗೆ ಅದರಲ್ಲಿ ಹಿಡಿಸದ 16 ಅನ್ನು ಸ್ಥಿರ ಸಂಖ್ಯೆಯಾಗಿ ಕೊಟ್ಟರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಓಡುವಾಗ ಬರುವ ಬೆಲೆಯನ್ನು ಮಾತ್ರ ನೀವೇ ಪರೀಕ್ಷಿಸಬೇಕು.

ಪ್ರಶ್ನೆ ಕೇಳಿದವರು
ನನ್ನದು ಕರ್ನಲ್ ಅಲ್ಲ, ಸುಮ್ನೆ ಬರೀ ಬೋರ್ಡ್ ಮೇಲಿನ ಕೋಡ್. 31ನೇ ಬಿಟ್‌ಗೆ 1 ಅನ್ನು 31 ಸಲ ಎಡಕ್ಕೆ ಸರಿಸಿದರೆ ಸಾಕಲ್ವಾ?

ಉತ್ತರ 2
ಸಾಲದು. ಬರೀ 1 ಅಂದರೆ ಸೈನ್ಡ್ ಇಂಟ್, ಋಣ ಸಂಖ್ಯೆಯನ್ನೂ ಹಿಡಿಯುವಂಥದ್ದು. ಇಂಟ್ 32 ಬಿಟ್ ಇರುವಲ್ಲಿ ಅದನ್ನು ಸೈನ್ ಬಿಟ್‌ಗೆ (ಅತಿ ಮೇಲಿನ ಬಿಟ್‌ಗೆ) ಸರಿಸಿದರೆ ಏನಾಗುತ್ತದೆ ಅಂತ ಸಿ ಭರವಸೆ ಕೊಡುವುದಿಲ್ಲ. 1ರ ಪಕ್ಕ ಯು ಅಕ್ಷರ ಸೇರಿಸಿ. ಉಳಿದ ಮ್ಯಾಕ್ರೋಗಳನ್ನು ನೀವೇ ಬರೆದುಕೊಳ್ಳಬಹುದು, ನಾಲ್ಕೈದು ಸಾಲು ಅಷ್ಟೇ.

ಪ್ರಶ್ನೆ ಕೇಳಿದವರು
ಮ್ಯಾನುವಲ್ ನೋಡಿದೆ, 31ನೇದು 1 ಬರೆದರೆ ಕ್ಲಿಯರ್ ಆಗುವುದೇ. ಸ್ಟ್ರಕ್ಟ್ ತೆಗೆದು ಮಾಸ್ಕ್ ಹಾಕಿದೆ, ಬರೆಯುವ ಮುಂಚೆ ಫ್ಲ್ಯಾಗ್ ಬಿಟ್ 0 ಮಾಡುತ್ತಿದ್ದೇನೆ. ಬೆಳಗ್ಗೆಯಿಂದ ಒಂದೂ ಇಂಟರಪ್ಟ್ ತಪ್ಪಿಲ್ಲ. ಇಬ್ಬರಿಗೂ ಥ್ಯಾಂಕ್ಸ್.