ಸಹಾಯ ಬೇಕು: ಟೈಮ್ ಸಾಲುತ್ತಿಲ್ಲ, ಕೋಚ್ ಹತ್ತಿರ ಹೋಗಲಾ?

ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದು 4 ಎಕರೆ ಕಾಫಿ ತೋಟ, ಜೊತೆಗೆ ಸಣ್ಣ ಹೋಂಸ್ಟೇ. ಅರೇಬಿಕಾ ಕೊಯ್ಲು ಶುರುವಾಗಿದೆ. ಬೆಳಿಗ್ಗೆ ಆಳುಗಳ ಜೊತೆ ತೋಟ, ಮಧ್ಯಾಹ್ನ ಕಣ, ಸಂಜೆ ಗೆಸ್ಟ್‌ಗಳ ಅಡುಗೆ. ಲೆಕ್ಕ ಬರೆಯಲು ಕೂತರೆ ಕಣ್ಣು ಎಳೆಯುತ್ತದೆ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನೋ ಪೊಮೊಡೊರೊ ಮಾಡಿ ನೋಡಿದೆ. ಮೋಡ ಕಟ್ಟಿದರೆ ಕಣದ ಕಾಫಿ ಮುಚ್ಚಲು ಓಡಬೇಕು, ಟೈಮರ್ ಯಾರು ಕೇಳುತ್ತಾರೆ! ಡೈರಿ ಬರೆಯೋದೂ ಮೂರೇ ದಿನ ನಡೆಯಿತು.

ಈಗ ಟೈಮ್ ಹೊಂದಿಸಿಕೊಳ್ಳಲು ನೆರವಾಗುವ ಒಬ್ಬ ಕೋಚ್ ವಾರಕ್ಕೊಮ್ಮೆ ಫೋನಿನಲ್ಲಿ 45 ನಿಮಿಷ ಮಾತಾಡೋಣ ಅನ್ನುತ್ತಿದ್ದಾರೆ. ಅವರು ಉತ್ತರ ಹೇಳುವುದಿಲ್ಲವಂತೆ, ಬರೀ ಪ್ರಶ್ನೆ ಕೇಳುತ್ತಾರಂತೆ. ಯಾವ ಕೆಲಸ ಬಿಡಬೇಕು, ಯಾವುದನ್ನು ಬೇರೆಯವರಿಗೆ ಒಪ್ಪಿಸಬೇಕು ಅಂತ ನಾನೇ ಕಂಡುಕೊಳ್ಳಬೇಕಂತೆ. ಇರೋ ಟೈಮೇ ಸಾಲದು, ಅದರಲ್ಲಿ ಇದೊಂದು ಬೇರೆ ಅಲ್ವಾ?

ತೋಟ ನೋಡಿಕೊಂಡೇ ಇಂಥ ಕೋಚಿಂಗ್ ತಗೊಂಡವರು ಇದ್ದೀರಾ? ಕೊಯ್ಲಿನ ನಡುವೆಯೇ ಶುರು ಮಾಡಲಾ, ಮುಗಿದ ಮೇಲಾ?