ಎಂಜಿನಿಯರಿಂಗ್ ಓದಿದ ವಕೀಲರೋ, ಬಿ.ಕಾಂ. ಓದಿದವರೋ?

ಕೋಡ್ ಕಳೆದುಕೊಂಡವನು:
ನನ್ನದು ಚಿಕ್ಕ ತಂತ್ರಾಂಶ ಕಂಪನಿ. ಪಾಲುದಾರನಾಗಿದ್ದವನು ಸೋರ್ಸ್ ಕೋಡನ್ನೂ ಗ್ರಾಹಕರ ಪಟ್ಟಿಯನ್ನೂ ಎತ್ತಿಕೊಂಡು ಹೋಗಿ, ನಮ್ಮ ಹೆಸರಿಗೇ ಒಂದಕ್ಷರ ಸೇರಿಸಿ ಬೇರೆ ಕಂಪನಿ ತೆರೆದಿದ್ದಾನೆ. ಇಬ್ಬರು ವಕೀಲರ ಪರಿಚಯಪತ್ರ ನನ್ನ ಮುಂದಿದೆ. ಒಬ್ಬರು ಎಂಜಿನಿಯರಿಂಗ್ ಮುಗಿಸಿ ಕಾನೂನು ಓದಿದವರು, ಪೇಟೆಂಟ್ ಏಜೆಂಟ್ ಕೂಡ. ಇನ್ನೊಬ್ಬರು ಬಿ.ಕಾಂ. ಪದವೀಧರರು, ಹನ್ನೆರಡು ವರ್ಷದಿಂದ ವಾಣಿಜ್ಯ ವ್ಯಾಜ್ಯಗಳನ್ನೇ ನಡೆಸುತ್ತಿರುವವರು. ಮೊದಲನೆಯವರದು ನಾಲ್ಕು ಪುಟ, ಎರಡನೆಯವರದು ಅರ್ಧ ಪುಟ. ಯಾರ ಬಳಿ ಹೋಗಲಿ?

ಕಪ್ಪುಕೋಟು:
ನಾನೂ ಎಲೆಕ್ಟ್ರಾನಿಕ್ಸ್ ಓದಿ ಈ ಕಡೆ ಬಂದವನು. ನನ್ನಂಥವರ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಪೇಟೆಂಟ್ ಏಜೆಂಟರಂತೆ ಪೇಟೆಂಟ್ ಕಚೇರಿಯ ಮುಂದೆ ಅರ್ಜಿದಾರರ ಪರ ನಿಲ್ಲಲು ಭಾರತ, ಅಮೆರಿಕ, ಯುರೋಪ್ ಎಲ್ಲೆಡೆ ಸಾಮಾನ್ಯವಾಗಿ ವಿಜ್ಞಾನ ಅಥವಾ ತಾಂತ್ರಿಕ ಓದು ಬೇಕು, ಅದರ ಮೇಲೆ ಪ್ರತ್ಯೇಕ ಪರೀಕ್ಷೆ. ನ್ಯಾಯಾಲಯದಲ್ಲಿ ಉಲ್ಲಂಘನೆಯ ದಾವೆ ನಡೆಸಲು ಅದೇನೂ ಬೇಕಿಲ್ಲ, ವಕೀಲಿ ಸನ್ನದು ಸಾಕು. ಪರಿಚಯಪತ್ರಗಳಲ್ಲಿ ಎರಡನ್ನೂ ಕಲಸಿ ಬಡಿಸುತ್ತಾರೆ.

ನಿಮ್ಮ ಜಗಳದಲ್ಲಿ ಪೇಟೆಂಟ್ ಎಲ್ಲಿದೆ? ಕೋಡ್ ಕೃತಿಸ್ವಾಮ್ಯದ ವಿಷಯ, ಪಟ್ಟಿ ಗೋಪ್ಯ ಮಾಹಿತಿ, ಹೆಸರು ಟ್ರೇಡ್‌ಮಾರ್ಕ್. ಎಲ್ಲದರ ಬುಡದಲ್ಲಿರುವುದು ಪಾಲುದಾರಿಕೆಯ ಕರಾರು. ಮೊದಲ ಸೆಣಸಾಟ ತಾತ್ಕಾಲಿಕ ತಡೆಯಾಜ್ಞೆಗಾಗಿ. ಅದನ್ನು ಕೊಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಇಂಗ್ಲೆಂಡಿನ 1975ರ ಅಮೆರಿಕನ್ ಸಯನಮಿಡ್ ತೀರ್ಪನ್ನು ಇಂದಿಗೂ ಎಷ್ಟೋ ದೇಶಗಳ ವಕೀಲರು ಉದ್ಧರಿಸುತ್ತಾರೆ. ಅದು ಶಸ್ತ್ರಚಿಕಿತ್ಸೆಯ ಹೊಲಿಗೆ ದಾರದ ಪೇಟೆಂಟ್ ವ್ಯಾಜ್ಯ. ಆದರೂ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ನೋಡಿದ್ದು ಇಷ್ಟು: ವಿಚಾರಣೆಗೆ ತಕ್ಕ ಗಂಭೀರ ಪ್ರಶ್ನೆ ಇದೆಯೇ, ಆದ ನಷ್ಟವನ್ನು ಆಮೇಲೆ ಹಣದಿಂದ ತುಂಬಬಹುದೇ, ಅನುಕೂಲದ ತಕ್ಕಡಿ ಯಾವ ಕಡೆಗೆ ವಾಲುತ್ತದೆ, ಅಂದರೆ ತಡೆ ಕೊಟ್ಟರೆ ಹೆಚ್ಚು ತೊಂದರೆಯೋ ಕೊಡದಿದ್ದರೋ. ದಾರದ ರಸಾಯನಶಾಸ್ತ್ರದ ಇತ್ಯರ್ಥ ಪೂರ್ಣ ವಿಚಾರಣೆಯ ಪಾಲಿಗೆ.

ನನ್ನ ಮೊದಲ ಪಾಟೀ ಸವಾಲು ನೆನಪಾಗುತ್ತದೆ. ಎದುರಾಳಿಯ ತಜ್ಞರ ಜೊತೆ ಸರ್ಕ್ಯೂಟ್ ಬಗ್ಗೆ ನಲವತ್ತು ನಿಮಿಷ ಜಟಾಪಟಿ ನಡೆಸಿದೆ. ನ್ಯಾಯಾಧೀಶರು ಗೋಡೆ ನೋಡುತ್ತಿದ್ದರು. ವಿಜ್ಞಾನದ ಗಂಧವಿಲ್ಲದ ನನ್ನ ಹಿರಿಯರು ಒಂದು ಚೀಟಿ ತಳ್ಳಿದರು: ‘ತಾರೀಕು ಕೇಳು.’ ಕೇಳಿದೆ. ತಜ್ಞರು ಹೋಲಿಸಿ ನೋಡಿದ್ದ ಮಾದರಿ ದಾವೆ ಹೂಡಿದ ಮೇಲೆ ತಯಾರಾದದ್ದು! ಇಡೀ ವರದಿ ಅಲ್ಲಿಗೇ ಕುಸಿಯಿತು.

ಆದ್ದರಿಂದ ಇಬ್ಬರನ್ನೂ ಕೇಳಿ: ಇಂಥ ತಡೆಯಾಜ್ಞೆಯ ಅರ್ಜಿಯನ್ನು ಕೊನೆಯ ಬಾರಿ ಎದ್ದು ನಿಂತು ವಾದಿಸಿದ್ದು ನೀವೇ? ‘ಪ್ರಕರಣದಲ್ಲಿ ಭಾಗಿಯಾಗಿದ್ದರು’ ಎಂಬ ಮಾತು ಕಡತ ಹೊತ್ತವರಿಗೂ ಒಪ್ಪುತ್ತದೆ.

ಅರ್ಜಿ ಬರೆಯುವವಳು:
ಪೇಟೆಂಟ್ ಏಜೆಂಟರ ಪರವಾಗಿಯೂ ಒಂದು ಮಾತು. ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂಬುದು ಕೋಡಿನ ಇತಿಹಾಸದಲ್ಲೇ ಇರುತ್ತದೆ. ಅದನ್ನು ಓದಲು ಬಾರದ ವಕೀಲರು ನಿಮ್ಮ ಅತ್ಯುತ್ತಮ ಸಾಕ್ಷ್ಯವನ್ನು ಅನುಬಂಧದಲ್ಲಿ ಹೂತುಬಿಡುತ್ತಾರೆ. ವಾದಿಸುವುದು ಬಿ.ಕಾಂ.ನವರೇ ಆಗಲಿ, ಓದಿ ಹೇಳಲು ಪಕ್ಕದಲ್ಲಿ ಒಬ್ಬರಿರಲಿ.

ಕಪ್ಪುಕೋಟು:
ಒಪ್ಪಿದೆ. ಚೀಟಿ ತಳ್ಳುವವರು ಯಾರಾದರೂ ಬೇಕೇ ಬೇಕು.

ಕೋಡ್ ಕಳೆದುಕೊಂಡವನು:
ಅರ್ಧ ಪುಟದವರನ್ನು ಕಂಡು ಬಂದೆ. ನನ್ನ ಪ್ರಶ್ನೆಗೆ, ‘ಮೂರು ಸಲ ವಾದಿಸಿದ್ದೇನೆ, ಒಮ್ಮೆ ಸೋತಿದ್ದೇನೆ’ ಎಂದರು. ಆಮೇಲೆ ಅವರ ಸರದಿ: ಕಳವು ನಿಮಗೆ ತಿಳಿದದ್ದು ಯಾವಾಗ? ಐದು ತಿಂಗಳಾಯಿತು ಎಂದೆ. ಅವರು ಪೆನ್ನು ಕೆಳಗಿಟ್ಟರು. ‘ಇಷ್ಟು ದಿನ ಏಕೆ ಸುಮ್ಮನಿದ್ದಿರಿ ಎಂದು ನ್ಯಾಯಾಧೀಶರು ಮೊದಲು ಕೇಳುತ್ತಾರೆ. ಉತ್ತರ ಬರೆದುಕೊಂಡು ಬನ್ನಿ.’ ಹಳೆಯ ಇಮೇಲ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸುತ್ತ ಕುಳಿತಿದ್ದೇನೆ.