ಟಿಪ್ಪರ್ ಮಾರಿದ್ದೋ, ಒತ್ತೆ ಇಟ್ಟದ್ದೋ?

ತೋರಣಗಲ್ಲು ಲಾರಿ: ಗೊತ್ತಿದ್ದೋರು ಹೇಳ್ರಿ. ನಮ್ಮ ಪರಿಚಯದವರೊಬ್ಬರ ಗಾಡಿ, ಸಂಡೂರು ಕಡೆ ಅದಿರು ಹೊಡೆಯೋ ಟಿಪ್ಪರ್, ಆಗಿನ ರೇಟು 16 ಲಕ್ಷ. ಖಾಸಗಿ ಫೈನಾನ್ಸ್‌ನವರು 9 ಲಕ್ಷ ಕೊಟ್ಟು ಸೇಲ್ ಲೆಟರ್ ಬರೆಸ್ಕೊಂಡಾರ, ಆರ್‌ಸಿ ಹೆಸರು ಬದಲಿಸೋ ಫಾರಂ 29, 30ಕ್ಕೆ ತಾರೀಖಿಲ್ಲದ ಸಹಿ ತಗೊಂಡಾರ. ಅದೇ ದಿನ ಅದೇ ಗಾಡಿನ ತಿಂಗಳಿಗೆ 36,000 ಬಾಡಿಗಿ ಅಂತ ಮಾಲೀಕರಿಗೇ ಲೀಸ್ ಕೊಟ್ಟಂಗ 36 ತಿಂಗಳ ಕರಾರು. ಕೊನಿಗೆ 1,000 ಕೊಟ್ರ ಗಾಡಿ ಮತ್ತ ಇವರದು. 19 ಕಂತು ಕಟ್ಟ್ಯಾರ, 3 ಬಾಕಿ. ಈಗ ಗಾಡಿ ಎಳಕೊಂಡು ಹೋಗಿ ನಮ್ಮದು ಅಂತಾರ. ಆರ್‌ಸಿ ಇನ್ನೂ ಇವರ ಹೆಸರಲ್ಲೇ ಐತಿ.

ಗಂಗಾವತಿ ಫೈನಾನ್ಸ್: ಸಹಿ ಮಾಡಿದ್ದು ಮಾಡಿದ್ದೇ. ಆರ್‌ಸಿ ಹಕ್ಕುಪತ್ರ ಅಲ್ಲ, ಚರ ಸ್ವತ್ತು ಕರಾರಿನ ಪ್ರಕಾರ ಕೈ ಬದಲಾಗುತ್ತೆ. ಬರೆದ ಪತ್ರದ ಮುಂದೆ ಬಾಯಿಮಾತು ನಡೆಯಲ್ಲ. ಐಸಿಡಿಎಸ್ ಅನ್ನೋ ಫೈನಾನ್ಸ್ ಕಂಪನಿಯ ಕೇಸಲ್ಲಿ (2013) ಸುಪ್ರೀಂ ಕೋರ್ಟ್, ಆರ್‌ಸಿ ಲೀಸ್ ಪಡೆದವರ ಹೆಸರಲ್ಲಿದ್ದರೂ ಮಾಲೀಕತ್ವ ಲೀಸ್ ಕೊಟ್ಟ ಕಂಪನಿಯದೇ ಅಂತ ಹೇಳಿದೆ.

ವಕೀಲ ಬಳ್ಳಾರಿ: ಅದು ಸವಕಳಿಯ ಕೇಸು ಸಾರ್, ಗಾಡಿ ಸವೆದದ್ದಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತದ್ದು. ಅಲ್ಲಿ ಕಂಪನಿಯೇ ತಯಾರಕರಿಂದ ಗಾಡಿ ಕೊಂಡು ಲೀಸ್‌ಗೆ ಕೊಟ್ಟಿತ್ತು. ಇಲ್ಲಿ ಗಾಡಿ ಮೊದಲಿಂದಲೂ ಇವರದೇ. 1930ರ ಸರಕು ಮಾರಾಟ ಕಾಯ್ದೆಯ ಕಲಂ 66(3) ನೋಡಿ: ರೂಪ ಮಾರಾಟದ್ದೇ ಇದ್ದರೂ ಉದ್ದೇಶ ಅಡಮಾನವೋ ಒತ್ತೆಯೋ ಬೇರೆ ಭದ್ರತೆಯೋ ಆಗಿದ್ದರೆ ಆ ಕಾಯ್ದೆಯ ಮಾರಾಟದ ನಿಯಮಗಳು ಅನ್ವಯವೇ ಆಗಲ್ಲ. ಬಾಯಿಮಾತಿನ ವಿಷಯಕ್ಕೆ ಸುಪ್ರೀಂ ಕೋರ್ಟಿನ ಗಂಗಾಬಾಯಿ ತೀರ್ಪು (1982) ಇದೆ. ಪತ್ರದ ಷರತ್ತು ತಿದ್ದೋಕೆ ಬಾಯಿ ಸಾಕ್ಷ್ಯ ಬರಲ್ಲ, ನಿಜ. ಆದರೆ ಪತ್ರ ಬರೀ ತೋರಿಕೆಗೆ, ನಡೆದ ವ್ಯವಹಾರವೇ ಬೇರೆ ಅಂತ ತೋರಿಸೋಕೆ ಬರುತ್ತೆ.

ಮಾನ್ವಿ ರೈತ: ಹಂಗಾದ್ರ ಷರತ್ತಿನ ಕ್ರಯದ ಅಡಮಾನ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 58(ಸಿ) ಹಾಕ್ರಿ, ಬಿಡಿಸಿಕೊಳ್ಳಾಕ 30 ವರ್ಷ ಟೈಮ್ ಐತಲ್ಲ.

ವಕೀಲ ಬಳ್ಳಾರಿ: ಅದು ಸ್ಥಿರ ಸ್ವತ್ತಿಗೆ ಮಾತ್ರ ಅಣ್ಣ. ಹೊಲಕ್ಕೂ ವಾಪಸ್ ಬರೆದುಕೊಡುವ ಷರತ್ತು ಕ್ರಯಪತ್ರದೊಳಗೇ ಇರಬೇಕು, 1929ರ ತಿದ್ದುಪಡಿ ಆದಮೇಲೆ ಬೇರೆ ಕಾಗದದಲ್ಲಿದ್ದರೆ ಅಡಮಾನ ಅನ್ನಿಸಿಕೊಳ್ಳಲ್ಲ.

ಲೆಕ್ಕಿಗ ರಾಯಚೂರು: ಕಾನೂನು ಆಮೇಲೆ, ಮೊದಲು ಅಂಕಿ ನೋಡೋಣ. 36,000ಕ್ಕೆ 36 ತಿಂಗಳು, ಒಟ್ಟು 12,96,000. 9 ಲಕ್ಷ ಕಳೆದರೆ 3,96,000. ಫ್ಲಾಟ್ ಲೆಕ್ಕದಲ್ಲಿ (ಕೊನೆವರೆಗೂ ಪೂರ್ತಿ 9 ಲಕ್ಷದ ಮೇಲೆ) ವರ್ಷಕ್ಕೆ 14.67%, ಕಂತು ಕಟ್ಟಿದಂತೆ ಇಳಿಯುವ ಬಾಕಿ ಲೆಕ್ಕದಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ, ವರ್ಷಕ್ಕೆ 25%ರ ಸುಮಾರು. ನಿಜವಾದ ಬಾಡಿಗೆ ಆಗಿದ್ದರೆ ಗಾಡಿಯ ವಯಸ್ಸು, ಟ್ರಿಪ್ಪು, ಮಾರ್ಕೆಟ್ ನೋಡಿ ನಿಗದಿಯಾಗುತ್ತಿತ್ತು. ಇದು ಕೊಟ್ಟ ದುಡ್ಡಿಂದ ಹುಟ್ಟಿದ ಅಂಕಿ. ಇನ್ನೊಂದು: ಗಾಡಿ ಬಾಡಿಗೆಗೆ ಜಿಎಸ್‌ಟಿ ಇದೆ, ಸಾಲದ ಬಡ್ಡಿಗೆ ಇಲ್ಲ. 19 ಕಂತಿಗೂ ಜಿಎಸ್‌ಟಿ ಬಿಲ್ ಕೊಟ್ಟಿದ್ದಾರಾ? ಕೊಟ್ಟಿಲ್ಲ ಅಂದರೆ ಅವರ ಖಾತೆಯಲ್ಲೇ ಅದು ಬಡ್ಡಿ. ಇನ್ಶೂರೆನ್ಸ್, ಪರ್ಮಿಟ್, ಟ್ಯಾಕ್ಸ್ ಯಾರು ಕಟ್ಟಿದರು, 30% ಸವಕಳಿ ಯಾರ ರಿಟರ್ನ್‌ನಲ್ಲಿದೆ ಅಂತಲೂ ತೆಗೀರಿ. ಇವರೇ ಆ 36,000ವನ್ನು ಬಾಡಿಗೆ ಅಂತ ಖರ್ಚು ಬರೆದಿದ್ದರೆ ಮಾತ್ರ ತಿರುಗುಬಾಣ.

ಗಂಗಾವತಿ ಫೈನಾನ್ಸ್: ಸರಿ, ಸಾಲ ಅಂತಲೇ ಇಟ್ಕೊಳ್ಳಿ. ಸುಪ್ರೀಂ ಕೋರ್ಟಿನ ಸುಂದರಂ ಫೈನಾನ್ಸ್ ತೀರ್ಪಲ್ಲೂ (1966) ಗಿರಾಕಿ ಸೇಲ್ ಲೆಟರ್ ಕೊಟ್ಟಿದ್ದ, ಸಾಲ ಅಂತಲೇ ಬಹುಮತ ಹೇಳಿತು. ಆದರೆ ಗಾಡಿ ಹಿಡಿಯೋ ಹಕ್ಕೇ ಆ ಸಾಲಕ್ಕೆ ಭದ್ರತೆ ಅಂದಿತು. ಕಂತು ತಪ್ಪಿದರೆ ಎಳಕೊಂಡು ಹೋಗೋದು ಇದ್ದದ್ದೇ.

ವಕೀಲ ಬಳ್ಳಾರಿ: ಒಪ್ಪಿದೆ. ಜಗಳ ಹಿಡಿದದ್ದರ ಬಗ್ಗೆ ಅಲ್ಲ, ಹಿಡಿದ ಮೇಲಿನ ಲೆಕ್ಕದ ಬಗ್ಗೆ. ಮಾಲೀಕರಾದರೆ ಗಾಡಿ ಪೂರ್ತಿ ನಿಮ್ಮದು. ಸಾಲ ಕೊಟ್ಟವರಾದರೆ ಮಾರಿ, ಬಾಕಿ ಹಿಡಿದು, ಮಿಕ್ಕಿದ್ದು ಕೊಡಬೇಕು.

ಲೆಕ್ಕಿಗ ರಾಯಚೂರು: ತಪ್ಪಿದ 3 ಕಂತೂ ಸೇರಿ ಸಾಲದ ಒಟ್ಟು ಬಾಕಿ ಈಗ ಸುಮಾರು 5.4 ಲಕ್ಷ. ಗಾಡಿ 11 ಲಕ್ಷಕ್ಕೇ ಹೋದರೂ 5 ಲಕ್ಷದ ಮೇಲೆ ಇವರಿಗೆ ಬರಬೇಕು. ಮಾರಾಟ ಅಂತ ಬರೆಸಿಕೊಳ್ಳೋದೇ ಈ ದುಡ್ಡಿಗೆ.

ತೋರಣಗಲ್ಲು ಲಾರಿ: ಈಗ ಏನ್ ಮಾಡ್ಬೇಕ್ರಿ? ಪೊಲೀಸ್ ಕಂಪ್ಲೇಂಟ್ ಕೊಡೋಣಾ?

ವಕೀಲ ಬಳ್ಳಾರಿ: ಕರಾರಿನ ಮೇಲೆ ಹಿಡಿದರೆ ಕಳ್ಳತನ ಆಗಲ್ಲ ಅಂತ 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೊಡೆದಾಟ, ಬೆದರಿಕೆ ಇದ್ದರೆ ಮಾತು ಬೇರೆ. ನಾಳೆನೇ ಆರ್‌ಟಿಒಗೆ ಲಿಖಿತ ತಕರಾರು ಕೊಡಿಸಿ: ಫಾರಂ 29, 30 ಭದ್ರತೆಗೆ ಕೊಟ್ಟ ಖಾಲಿ ಸಹಿ, ವರ್ಗಾವಣೆ ಮಾಡಬೇಡಿ ಅಂತ. ಸ್ವೀಕೃತಿ ಮೊಹರು ಬಿಡಬೇಡಿ. ನಿಜವಾಗಿ ಮಾರಿದ್ದರೆ ರಾಜ್ಯದೊಳಗೆ 14 ದಿನದಲ್ಲಿ ವರದಿ ಆಗಬೇಕಿತ್ತು, ಇಷ್ಟು ತಿಂಗಳು ಸುಮ್ಮನಿದ್ದದ್ದು ಯಾಕೆ ಅನ್ನೋ ಪ್ರಶ್ನೆ ಅವರಿಗೆ. ಆಮೇಲೆ ಮೂರನೆಯವರಿಗೆ ಮಾರದಂತೆ ತಡೆಯಾಜ್ಞೆ. ತಪ್ಪಿದ 3 ಕಂತಿನ 1,08,000 ಕೋರ್ಟಿನಲ್ಲಿ ಠೇವಣಿ ಇಡ್ತೀವಿ ಅಂತ ಅರ್ಜಿಯಲ್ಲೇ ಬರೀರಿ, ಬರಿಗೈಲಿ ಹೋದರೆ ನ್ಯಾಯಾಧೀಶರು ಮೊದಲು ಕೇಳೋದೇ ಅದನ್ನ.

ಗಂಗಾವತಿ ಫೈನಾನ್ಸ್: ಕರಾರಿನ ಕೊನೇ ಪುಟ ಓದಿದ್ರಾ? ಜಗಳ ಬಂದರೆ ಮಧ್ಯಸ್ಥರ ಮುಂದೆ ಅನ್ನೋ ಆರ್ಬಿಟ್ರೇಶನ್ ಕಲಂ ಇದ್ದೇ ಇರುತ್ತೆ.

ವಕೀಲ ಬಳ್ಳಾರಿ: ಇದ್ದರೆ ದಾವಾ ಬದಲು ಮಧ್ಯಂತರ ತಡೆಗೆ ಕೋರ್ಟಿಗೆ ಆರ್ಬಿಟ್ರೇಶನ್ ಕಾಯ್ದೆಯ ಕಲಂ 9ರ ಅರ್ಜಿ. ಆರ್ಬಿಟ್ರೇಶನ್ನಿನ ಪೀಠ (ಸೀಟ್) ಚೆನ್ನೈ ಅಂತ ಬರೆದಿದ್ದರೆ ಬಳ್ಳಾರಿಯಲ್ಲಿ ಹಾಕಿದ್ದು ನಿಲ್ಲೋದು ಕಷ್ಟ, ಆ ಪುಟದ ಫೋಟೋ ಮೊದಲು ಹಾಕಿ.